ಇನ್ನೊಂದು ಬಟ್ಟಲು

ಹ್ವೆ ಪಟ್ಟಣದ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತಿದ್ದ ನ್ಯಾನ್‌ಳ ಮುಂದೆಯೇ ಜಗಳ ಹತ್ತಿಕೊಂಡಿತ್ತು. ಒಬ್ಬಳು ಪ್ರವಾಸಿಗರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರು ತೋರಿಸುವ ಕ್ವೆನ್, ಇನ್ನೊಬ್ಬ ಅವಳ ಮೇಲ್ವಿಚಾರಕ ಲೋಕ್. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯತೆ ನ್ಯಾನ್‌ಗೆ ಇರಲಿಲ್ಲ.

“ನಿನ್ನೆ ಆ ವಿದೇಶಿ ಅಮ್ಮನಿಗೆ ಅರಸರ ಸಮಾಧಿ ತೋರಿಸು ಅಂದ್ರೆ, ನಿಮ್ಮಜ್ಜನ ತಿಥಿಗೆ ಕರ್ಕೊಂಡು ಹೋಗಿದ್ದೀಯಲ್ಲೇ!”

“ಮಧ್ಯಾಹ್ನ ನೀನೆಲ್ಲಿ ಉಣ್ತೀಯ ಅಂತ ಅವರೇ ಕೇಳಿದ್ರು ಅಣ್ಣ. ಅಜ್ಜನ ತಿಥಿ ಊಟ ಅಂದೆ, ನಾನೂ ಬರ್ತೀನಿ ಅಂದ್ರು.”

“ಆಯಮ್ಮ ಅಲ್ಲಿ ಅತ್ತರಂತೆ. ದುಡ್ಡು ಕೊಟ್ಟು ಅಳೋಕೆ ಬರ್ತಾರಾ ಜನ?”

“ಅವರ ಗಂಡ ತೀರಿಹೋಗಿ ನಾಲ್ಕು ವರ್ಷ ಆಯ್ತು. ಒಂದು ಸಲಾನೂ ಯಾರೂ ಎಡೆ ಇಟ್ಟಿಲ್ಲ. ಅದನ್ನ ಕೇಳಿ ನಮ್ಮಜ್ಜಿ, ಅಜ್ಜನ ಎಡೆ ಪಕ್ಕ ಅವರ ಗಂಡನಿಗೂ ಅಂತ ಇನ್ನೊಂದು ಬಟ್ಟಲು ಅನ್ನ ಇಟ್ರು. ಅಳದೆ ಇನ್ನೇನು ಮಾಡ್ತಾರೆ?”

“ಅದೆಲ್ಲ ನಮ್ಮ ಪಟ್ಟಿಯಲ್ಲಿಲ್ಲ. ಇನ್ನೊಂದು ಸಲ ಹೀಗಾದ್ರೆ ಕೆಲಸಕ್ಕೆ ಬರಬೇಡ.”

ಕ್ವೆನ್ ಕಂಪನಿಯ ಹಳದಿ ಜಾಕೆಟ್ ಬಿಚ್ಚಿ ಅವನ ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿದಳು.

“ಇಟ್ಕೊಳ್ಳಿ. ಸ್ಕೂಟರ್ ನಂದೇ.”

“ಹುಚ್ಚಿ! ಆಯಮ್ಮ ನಾಳೆ ವಿಮಾನ ಹತ್ತಿದ್ರೆ ನಿನ್ನ ಹೆಸರೂ ನೆನಪಿರಲ್ಲ.”

ಕ್ವೆನ್ ಪೆಟ್ರೋಲನ್ನೂ ಹಾಕಿಸದೆ ಸ್ಕೂಟರ್ ತಿರುಗಿಸಿದಳು.

“ಇರದಿದ್ರೆ ಬೇಡ ಬಿಡಿ. ಬರೋ ವರ್ಷಾನೂ ನಮ್ಮನೇಲಿ ಎರಡು ಬಟ್ಟಲೇ ಇಡೋದು.”