ಹೂವು ಜಾಸ್ತಿ ಬಿಡುವ ದಿನ

‘ಕಾಡಿನ ಹೂವು ಕಣ್ಣಿಗಾಗಿ ಕಾಯುವುದು.’ ಎಲ್ಲೋ ಓದಿದ ಸಾಲು, ಪೂರ್ತಿ ನೆನಪಿಲ್ಲ. ಅಧ್ಯಕ್ಷರೇ, ಅತಿಥಿಗಳೇ, ಸಭಿಕರೇ, ಇಂದು ಬೆಳಗಿನಿಂದ ಆ ಸಾಲಿನ ಮೇಲೆ ನನಗೆ ಸಿಟ್ಟು. ಹೂವು ದುಂಬಿಗೆ ಕಾದೀತು. ನಮಗೇಕೆ ಕಾಯಬೇಕು?

ಕಡಲಂಚಿನ ಕಾಡನ್ನು ಕಡಿಯದಂತೆ ಹೋರಾಡಿದೆನೆಂದು ನನ್ನನ್ನು ಸನ್ಮಾನಿಸುತ್ತಿದ್ದೀರಿ. ಆ ಕಾಡಿನ ನೆರಳಿನಲ್ಲಷ್ಟೇ ಬೆಳೆಯುವ, ಸೇವಂತಿಗೆಯ ಬಳಗದ ಪುಟ್ಟ ಹಳದಿ ಹೂವನ್ನು ಉಳಿಸಿದೆನೆಂದು ಬಿನ್ನವತ್ತಳೆಯಲ್ಲಿ ಬರೆದಿದ್ದೀರಿ. ಸಂತೋಷ. ಆದರೆ ನನ್ನ ಕೈಗಿತ್ತ ಈ ಗುಚ್ಛ ಯಾವ ಹೂವಿನದು? ಮೇಜಿನ ಮೇಲಿನ ಹೂದಾನಿಗಳಲ್ಲಿ ಯಾವುದಿದೆ? ಬಾಗಿಲ ಕಮಾನಿನಲ್ಲಿ? ಅದೇ ಹೂವು. ಬುಟ್ಟಿಗಟ್ಟಲೆ ಕೊಯ್ದು ತಂದಿದ್ದೀರಿ. ವರ್ಷಕ್ಕೊಮ್ಮೆ ಹುಟ್ಟಿ ಸಾಯುವ ಗಿಡ ಅದು. ಬೀಜ ಉದುರಿದರೆ ಮಾತ್ರ ಮುಂದಿನ ವರ್ಷ ಉಂಟು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಬೀಜಕ್ಕೆ ಬಿಳಿ ಎಳೆ ಮೂಡಿ ಗಾಳಿಗೆ ಹಾರುತ್ತಿತ್ತು. ಮರ ಉಳಿಸಿ, ಅದರಡಿಯ ಗಿಡದ ಕತ್ತು ಕೊಯ್ದು, ಚಪ್ಪಾಳೆ ತಟ್ಟುವವರಿಗೆ ಏನೆನ್ನಬೇಕು?

ಈ ಹೂವಿನ ಮೇಲೆ ಎಂ.ಎಸ್ಸಿ. ಪ್ರಬಂಧ ಬರೆಯುತ್ತೇನೆಂದಾಗ ಮೇಷ್ಟ್ರು, “ಕಳೆ ಮೇಲೆ ಬರೆಯೋದು ಏನಿದೆಯಮ್ಮ?” ಎಂದು ನಕ್ಕಿದ್ದರು. ನಮ್ಮ ಯಜಮಾನರು, “ನನ್ನ ಹುಟ್ಟಿದ ದಿನ ಮರೀತೀಯ, ಇದು ಅರಳೋ ದಿನ ಮಾತ್ರ ಮರೆಯಲ್ಲ” ಎಂದು ಇಂದಿಗೂ ಆಡಿಕೊಳ್ಳುತ್ತಾರೆ. ಇಪ್ಪತ್ತೈದು ವರ್ಷ ಯಾರೂ ನನ್ನನ್ನು ಈ ಹೂವಿನ ವಿಷಯ ಕೇಳಲಿಲ್ಲ. ಹೋದ ತಿಂಗಳು ನಿಮ್ಮ ಕಾರ್ಯದರ್ಶಿ ಫೋನ್ ಮಾಡಿ, “ಮೇಡಂ, ಸಮಾರಂಭಕ್ಕೆ ದಿನ ಗೊತ್ತು ಮಾಡ್ಬೇಕು. ಹೂವು ಜಾಸ್ತಿ ಬಿಡೋದು ಯಾವಾಗ?” ಎಂದರು. ಎಲ್ಲರನ್ನೂ ಕಾಡಿಗೆ ಕರೆದೊಯ್ದು ತೋರಿಸುತ್ತಾರೆ ಎಂದುಕೊಂಡೆ. ದಿನ ಹೇಳಿದೆ. ಯಾವ ಇಳಿಜಾರಿನಲ್ಲಿ ಒತ್ತಾಗಿ ಬಿಡುತ್ತದೆ ಎಂಬುದನ್ನು, ಅವರು ಕೇಳದಿದ್ದರೂ ಹೇಳಿದೆ. ಅರ್ಧ ಗಂಟೆ ಮಾತಾಡಿದೆ. ಫೋನ್ ಇಟ್ಟವಳೇ ಬೀರು ತೆಗೆದು ಈ ಹಳದಿ ಸೀರೆ ಆರಿಸಿದೆ.

ಇರಲಿ. ಸೀರೆಯ ಮಾತೇಕೆ ಬಂತೋ.

ಈ ಗುಚ್ಛವನ್ನು ನಾನು ಮನೆಗೆ ಒಯ್ಯುವುದಿಲ್ಲ. ಕೊಯ್ಯದೆ ಉಳಿದ ನಾಲ್ಕು ಗಿಡಗಳಿದ್ದರೆ ದಯವಿಟ್ಟು ಅತ್ತ ಸುಳಿಯಬೇಡಿ. ಕಹಿ ಮಾತನ್ನು ಸಹನೆಯಿಂದ ಕೇಳಿದಿರಿ, ನಿಮಗೆಲ್ಲ ಕೃತಜ್ಞತೆ, ನಮಸ್ಕಾರ. ಬಯ್ಯಲೆಂದೇ ಬಂದವಳು ನಾನು. ಆದರೆ ಪಕ್ಕದ ಮನೆಯ ಟೈಲರ್ ಅಕ್ಕ, ಇಂದು ಕಾಡಂಚಿನ ದಾರಿಯಲ್ಲಿ ಬೆಳಗಿನ ನಡಿಗೆ ಮುಗಿಸಿ ಬಂದು ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಮುಚ್ಚಿಟ್ಟು ಹೋಗಲಾರೆ:

“ಬುಟ್ಟಿ ಹೊತ್ತವರನ್ನ ತಡೆದು ನಿಲ್ಲಿಸಿದ್ದೆ ಕಣಮ್ಮ. ನಿನ್ನ ಹೆಸರು ಹೇಳಿದ್ರು. ಬಿಟ್ಟುಬಿಟ್ಟೆ.”