ಶನಿವಾರದ ನೀರು

ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷ ಸ್ಟ್ಯಾನಿಸ್ಲಾಸರೇ, ಸನ್ಮಾನ ಸಮಿತಿಯ ಹಿರಿಯರೇ, ನನಗೆ ಹೊದಿಸಬೇಕಾದ ಶಾಲು ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಿರುವ ಪುತ್ತುಬ್ಬ ಹಾಜಿಯವರೇ, ಬಾಯಿ ತೆರೆಯಲು ಹೆದರುತ್ತಲೇ ಮೂವತ್ತು ವರ್ಷ ನನ್ನನ್ನು ಸಾಕಿದ ಕಾಪುವಿನ ಸಭಿಕರೇ,

ಶಾಲು ಹೊದ್ದ ಮೇಲೆ ಮಾತನಾಡುವುದು ಕ್ರಮ. ನಾನು ಮೊದಲೇ ಮಾತನಾಡುತ್ತೇನೆಂದು ಹಟ ಹಿಡಿದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೆದರಬೇಡಿ, ಹಲ್ಲು ಕೀಳುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಈಗಷ್ಟೇ ಯಾರೋ 'ವಿಠಲ ಡಾಕ್ಟರ ಕೈಗುಣ' ಎಂದರು. ಕೈಗುಣವಂತೆ! ಕೈಗೆ ಗ್ಲೌಸ್ ಉಂಟು, ಉಪಕರಣಗಳನ್ನು ಬೇಯಿಸಲು ಯಂತ್ರ ಉಂಟು. ನೀರಿಗೆ ಏನುಂಟು? ಹಲ್ಲು ಕೊರೆಯುವಾಗ ನಿಮ್ಮ ಬಾಯಿಗೆ ಚಿಮ್ಮುವ ನೀರು, ಕುರ್ಚಿಗೆ ಸಿಕ್ಕಿಸಿದ ಬಾಟಲಿಯಿಂದ ಸಪೂರ ನಳಿಕೆಯಲ್ಲಿ ಬರುತ್ತದೆ. ನಿಂತ ನೀರಾದರೆ ನಳಿಕೆಯೊಳಗೆ ಲೋಳೆ ಕಟ್ಟುತ್ತದೆ, ಆ ಲೋಳೆಯಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ. ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಾನು ಹಾಕುತ್ತಿದ್ದುದು ನಮ್ಮ ಮನೆಯ ಬಾವಿಯ ನೀರು. "ತೆಂಗಿನ ಬೊಂಡದ ನೀರಿನ ಹಾಗೆ ಉಂಟು, ಇದಕ್ಕೆ ಎಂತ ಆಗುವುದು?" ಎಂಬ ಜಂಬ ಬೇರೆ.

ಕಾರ್ಕಳದಿಂದ ಬಸ್ಸಿನಲ್ಲಿ ಬರುವ ನಮ್ಮ ಸಹಾಯಕಿ ವೆರೊನಿಕಾ ಪ್ರತಿ ಬೆಳಿಗ್ಗೆ ಎರಡು ನಿಮಿಷ ಆ ನೀರನ್ನು ಹರಿಯಬಿಡುತ್ತಿದ್ದರು, ವಾರಕ್ಕೊಮ್ಮೆ ಔಷಧಿ ಹಾಕಿ ನಳಿಕೆ ತೊಳೆಯುತ್ತಿದ್ದರು. ಕಳೆದ ಏಪ್ರಿಲಿನಲ್ಲಿ ನಾನು ಗದರಿದೆ. "ಬಾವಿಯ ತಳ ಕಾಣ್ತಾ ಉಂಟು, ನೀವು ನೀರು ಚೆಲ್ಲುವುದಾ? ಆ ಔಷಧಿಯೂ ಬೇಡ, ನಾತ ಬರ್ತದೆ."

ಅವರು ಬಿಡಲಿಲ್ಲ. "ಡಾಕ್ಟ್ರೇ, ನೀವು ದೇವರಿಗೆ ನಿನ್ನೆಯ ನೀರು ಇಡುವುದಿಲ್ಲ ಅಲ್ವಾ? ಚೆಲ್ಲಿ ಹೊಸತು ಸೇದುತ್ತೀರಿ. ಮತ್ತೆ ಸೋಮವಾರ ಜನರ ಬಾಯಿಗೆ ಶನಿವಾರದ ನೀರು ಎಂತಕ್ಕೆ?"

ಎಷ್ಟು ಸರಿಯಾದ ಪ್ರಶ್ನೆ! ನಾನು ಕೊಟ್ಟ ಉತ್ತರ, "ನನಗೆ ಕಲಿಸಲು ಬರಬೇಡಿ." ಅಂದಿನಿಂದ ನೀರು ಹರಿಯಬಿಡುವುದೂ ನಳಿಕೆ ತೊಳೆಯುವುದೂ ನಿಂತಿತು.

ಮೂರು ವಾರ ಕಳೆದು ಒಂದು ಸೋಮವಾರ. ಮೊದಲ ರೋಗಿ ಫಾತಿಮಾ, ನಮ್ಮ ಹಾಜಿಯವರ ಮನೆಯವರು. ಸಕ್ಕರೆ ಕಾಯಿಲೆ ಇದ್ದವರು. ವಸಡು ಸೀಳಿ ಬುದ್ಧಿಹಲ್ಲು ತೆಗೆದೆ. ಅದಕ್ಕೆ ಬೇರೆಯೇ ಶುದ್ಧ ಸಲೈನ್ ಬಳಸಬೇಕಿತ್ತು. ನಾನು ಅದೇ ನಳಿಕೆಯ ನೀರು ಬಿಟ್ಟೆ. ಮೂರನೆಯ ದಿನಕ್ಕೆ ಕೆನ್ನೆ ಊದಿತು, ಜ್ವರ ಏರಿತು, ಮಣಿಪಾಲದಲ್ಲಿ ಹನ್ನೊಂದು ದಿನ ಮಲಗಿದರು.

ನೋಡಲು ಹೋದಾಗ ಹಾಜಿಯವರು ನನ್ನೆದುರೇ ಹೆಂಡತಿಗೆ ಬೈದರು. "ಶುಗರ್ ಉಂಟು ಅಂತ ಗೊತ್ತಿದ್ದೂ ಮದುವೆಮನೆಯಲ್ಲಿ ಹಲ್ವಾ ತಿಂದದ್ದು ಯಾಕೆ?" ಆಕೆ ನನ್ನತ್ತ ತಿರುಗಿ, "ನನ್ನದೇ ತಪ್ಪು ಡಾಕ್ಟ್ರೇ, ನಿಮಗೂ ಉಪದ್ರ ಆಯಿತು" ಎಂದರು. ನಾನು ಏನು ಮಾಡಿದೆ? ತಲೆಯಾಡಿಸಿದೆ. ಅಯ್ಯೋ, ತಲೆಯಾಡಿಸಿದೆ ಸಭಿಕರೇ!

ಆಗ, ಅನುಮಾನ ಬಂದು ನಾನೇ ಮಾಡಿಸಿದ್ದ ನೀರಿನ ಪರೀಕ್ಷೆಯ ವರದಿ ನನ್ನ ಜೇಬಿನಲ್ಲೇ ಇತ್ತು. ಆಕೆಯ ಕೀವಿನಲ್ಲಿದ್ದ ಬ್ಯಾಕ್ಟೀರಿಯಾವೇ ನಮ್ಮ ನಳಿಕೆಯಲ್ಲೂ ಇತ್ತು. ವರದಿಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ. ನಳಿಕೆ ಬದಲಾಯಿಸಿದೆ, ಬಾವಿಯ ನೀರು ಹಾಕುವುದನ್ನು ನಿಲ್ಲಿಸಿದೆ, ವೆರೊನಿಕಾರ ಎರಡು ನಿಮಿಷವನ್ನೂ ಔಷಧಿಯನ್ನೂ ಅವರಿಗೇ ಮರಳಿಸಿದೆ. ಸಂಜೆ ಬಾಟಲಿ ತೊಳೆದು ಬೋರಲು ಹಾಕುತ್ತೇವೆ, ಮೂರು ತಿಂಗಳಿಗೊಮ್ಮೆ ನೀರು ಪರೀಕ್ಷೆಗೆ ಹೋಗುತ್ತದೆ. ಎಲ್ಲವೂ ಶುದ್ಧವಾಯಿತು, ನನ್ನ ಬಾಯಿಯೊಂದನ್ನು ಬಿಟ್ಟು.

ಅಂದಿನಿಂದ ಫಾತಿಮಾ ಯಾವ ಮದುವೆಗೂ ಹೋಗಿಲ್ಲವಂತೆ. "ನನ್ನ ನಾಲಿಗೆಯೇ ನನಗೆ ಶತ್ರು" ಎನ್ನುತ್ತಾರಂತೆ. ಇವತ್ತೂ ಬಂದಿಲ್ಲ. ಹಾಜಿಯವರ ಪಕ್ಕದ ಕುರ್ಚಿ ಖಾಲಿ ಇರುವುದನ್ನು ಇಷ್ಟು ಹೊತ್ತೂ ನೋಡುತ್ತಿದ್ದೇನೆ.

ಹಾಜಿಯವರೇ, ನೀವು ಎದ್ದು ನಿಂತಿದ್ದೀರಿ. ನಿಲ್ಲಿ. ಆ ಶಾಲನ್ನು ಕುರ್ಚಿಯ ಮೇಲಿಡಿ. ವರದಿ ಇಲ್ಲಿದೆ, ಬಂದು ತೆಗೆದುಕೊಳ್ಳಿ. ದೂರು ಕೊಡುವುದಿದ್ದರೆ ಕೊಡಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲು ಮನೆಗೆ ಹೋಗಿ ಒಂದು ಮಾತು ಹೇಳಿ: ಆಕೆ ಆಸ್ಪತ್ರೆ ಸೇರಿದ್ದು ಹಲ್ವಾದಿಂದಲ್ಲ, ನನ್ನಿಂದ.

ಇಷ್ಟು ಹೊತ್ತು ತಾಳಿಕೊಂಡ ನಿಮಗೂ, ಗದರಿದರೂ ಬಿಟ್ಟುಹೋಗದ ವೆರೊನಿಕಾರಿಗೂ ಕೃತಜ್ಞತೆಗಳು. ಫಾತಿಮಾರ ಹತ್ತಿರ ಹೇಳಬೇಕಾದ್ದನ್ನು ಈ ಮೈಕಿನಲ್ಲಿ ಹೇಳಿ ಮುಗಿಸಲಾರೆ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ ಹಾಜಿಯವರೇ. ಬಾಗಿಲು ತೆರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು.

ನಮಸ್ಕಾರ.