ಗಿಣ್ಣದ ಪಾಲು

...ಇಲ್ಲ ನೂರಜಹಾನ್, ಈ ಸಲ ಗಿಣ್ಣ ಇಲ್ಲವ್ವ. ಬಾಗಲದಾಗ ಯಾಕ ನಿಂತೀದಿ, ಒಳಗ ಬಾ, ಕುಂದ್ರು. ಸೆರಗಿನ ಬುಡಕ ಬಟ್ಟಲ ಹಿಡಕೊಂಡು ಬಂದಂಗ ಕಾಣ್ತದ. ಎಮ್ಮಿ ಮೊನ್ನೆ ಈದದ್ದು ಖರೇ. ಆದರ ಕರಾ ಎಲ್ಲಾ ಕುಡದುಬಿಟ್ಟಿತು.

ಯಾಕ ನಗ್ತಿ? ಮೂರು ದಿನದ ಕರಾ ಅಷ್ಟು ಕುಡಿತದೇನು ಅಂತಿ? ಎಮ್ಮಿನೇ ಸೊರಗ್ಯಾದ ತಾಯಿ, ಕೆಚ್ಚಲದಾಗ ಏನಿತ್ತು ಮಣ್ಣು. ಬ್ಯಾಸಗಿ ತುಂಬ ನೀ ಕೊಟ್ಟ ಜ್ವಾಳದ ಕಣಕಿ ತಿಂದೇ ಅದು ಬದುಕ್ಯಾದ, ನಾ ಮರತಿಲ್ಲ. ರೊಕ್ಕ ಕೊಡ್ತೀನಿ ಅಂದರ ನೀ ಏನಂದಿ? "ರೊಕ್ಕ ಬ್ಯಾಡ ಅಮೃತಮ್ಮ, ಗಿಣ್ಣದಾಗ ನನ್ನ ಪಾಲು ಇಡು ಸಾಕು. ಬಸರಿ ಮಗಳು ತವರಿಗೆ ಬರ್ತಾಳ, ಗಿಣ್ಣ ಗಿಣ್ಣ ಅಂತ ಬಯಕಿ ಮಾಡ್ಕೊಂಡಾಳ" ಅಂದಿ. ಎಲ್ಲಾ ನೆನಪದ.

ಬೇಕಾದರ ಹಾಲು ಒಯ್ಯಿ. ಹಾಲು... ಹಾಲೂ ನಾಳಿಂದ ಆದಿತ್ಯನಗರಕ್ಕ ಹೋಗ್ತದ. ಹಂಗ ನೋಡಬ್ಯಾಡ. ಅಲ್ಲಿ ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸಿನ ಸಾಹೇಬರ ಮನಿಗೆ ದಿನಾ ರತೀಬು ಹಾಲು ಹಾಕೋದು ನನಗ ಸಿಕ್ಕದ. ಭೀಮಬಾಯಿನೂ ಕೇಳಿದ್ದಳು, ಆಕಿಗೆ ಎರಡೆಮ್ಮಿ ಅವ. ನನಗ ಇರೋದು ಇದೊಂದೇ. ರತೀಬು ಹಿಡದರ ಹಿಂಡಿ ತರಬಹುದು, ಹಿಂಡಿ ತಿಂದರ ನಾಲ್ಕು ಹನಿ ಹೆಚ್ಚು ಕೊಡ್ತದ. ಆಕಿಗಿಂತ ಮೊದಲ ಹೋಗಿ ಸಾಹೇಬರ ಹೆಂಡತಿ ಬಾಯಮ್ಮಗ ಏನರ ಕೊಟ್ಟು ಮಾರಿ ತೋರಿಸಬೇಕಾತು...

ಏನು ಕೊಟ್ಟಿ ಅಂತ ಕಣ್ಣಾಗೇ ಕೇಳಾಕತ್ತೀದಲ್ಲ. ಏನಿಲ್ಲ, ಬೊಗಸಿ ತೊಗರಿಬ್ಯಾಳಿ. ಗಿಣ್ಣ ಯಾರರ ಮಾರ್ತಾರೇನು? ಮಾರಿದರ ಎಮ್ಮಿ ಹಾಲು ಬತ್ತತದ ಅಂತ ನಮ್ಮತ್ತಿ ಸಾಯೋತನ ಹೇಳ್ತಿದ್ದಳು. ಹೊಸ್ತಿಲ ಮುಟ್ಟಿ ಆಣಿ ಮಾಡ್ತೀನಿ, ನಾ ಒಂದು ಪೈಸಾ ಇಸಕೊಂಡಿಲ್ಲ.

ಸೆರಗಿನ ಬುಡಕಿಂದ ಏನು ತೆಗ್ಯಾಕತ್ತಿ ನೂರಜಹಾನ್?

ಏನದು, ಯಾಕ ಕೆಳಗ ಇಡ್ತಿ? ಇದು... ಇದು ನನ್ನ ತಂಬಿಗಿ. ತಳದಾಗ ತಗ್ಗು ಬಿದ್ದದ್ದು, ಹೌದು ನಂದೇ. ನಿನ್ನ ಕೈಗೆ ಹೆಂಗ ಬಂತು? ಸಾಹೇಬರ ಮನ್ಯಾಗ ಭಾಂಡಿ ತಿಕ್ಕಾಕ ನೀ ಯಾವಾಗ ಸೇರಿದಿ? ಬಾಯಮ್ಮನೇ ಕೊಟ್ಟು ಕಳಿಸಿದಳಾ? ಹಂಗಾದರ ಇದರಾಗ ಅಂಟಿದ್ದ ಗಿಣ್ಣ ತಿಕ್ಕಿದಾಕಿ ನೀನೇ...

ಒಳಗ ಏನೋ ಅದ. ಬೆಲ್ಲ. ತಂಬಿಗಿ ಖಾಲಿ ಕೊಡಬಾರದಂತ ಹಾಕೀದೇನು? ಇವತ್ತೂ ಆ ರೀತಿ ಬಿಡಲಿಲ್ಲಲ್ಲ ನೀ. ಮಗಳಿಗೆ ಗಿಣ್ಣ ಕಾಸಾಕಂತ ಸೇಡಂ ಸಂತ್ಯಾಗ ತಂದಿದ್ದ ಬೆಲ್ಲ ಇದು, ಹೌದಿಲ್ಲೋ? ನನಗೇ ತೋರಿಸಿದ್ದಿ ಅವತ್ತು.

ಏಳಬ್ಯಾಡ. ಬೈಯ್ಯಿ ಬೇಕಾದರ, ಎರಡು ಏಟು ಹಾಕು. ಒಂದು ಮಾತರ ಆಡಿ ಹೋಗು ನೂರಜಹಾನ್... ಹೊರಗ ಎಮ್ಮಿ ಇನ್ನೂ ನಿನ್ನ ಕಣಕಿನೇ ತಿನ್ನಾಕತ್ತದ.